ಕಂಬ ಅಲ್ಲೇ ಇದೆ, ತಂತಿ ನೆಲಕ್ಕಿಳಿಯಿತು: ಬೆಂಗಳೂರಿನ ಭೂಗತ ಕೇಬಲ್ ಪ್ರಕರಣ

ಒಂದು ಭಾನುವಾರ ಬೆಳಗ್ಗೆ ಹಾಲು ತರಲು ಹೋದವನು ನಮ್ಮ ಮನೆ ಮುಂದಿನ ಲೈಟ್ ಕಂಬವನ್ನು ಸುಮ್ನೆ ನಿಂತು ನೋಡಿದೆ. ತುದಿಯಲ್ಲಿ ಅಡ್ಡ ಕಬ್ಬಿಣದ ಪಟ್ಟಿ. ಅದರ ಮೇಲೆ ಮೂರು ಪಿಂಗಾಣಿ ಬುಗುಟು. ಅವುಗಳಿಗೆ ಕಟ್ಟಿದ್ದ ಮೂರು ತಂತಿ ಮಾತ್ರ ಇಲ್ಲ. ಸ್ವಲ್ಪ ಕೆಳಗೆ ಹಗ್ಗದ ಹಾಗೆ ಹೆಣೆದ ಕಪ್ಪು ಕೇಬಲ್ ಒಂದು ಹೋಗಿದೆ. ಅದರಿಂದ ಎಡಕ್ಕೆ ನಾಲ್ಕು ಮನೆ, ಬಲಕ್ಕೆ ಐದು ಮನೆಗೆ ಸರ್ವೀಸ್ ವಯರ್ ಎಳೆದಿದ್ದಾರೆ. ಇನ್ನೂ ಕೆಳಗೆ, ಕೈ ಎತ್ತಿದರೆ ಸಿಗುವಷ್ಟು ಎತ್ತರದಲ್ಲಿ, ಇಂಟರ್ನೆಟ್ ಕೇಬಲ್‌ಗಳು. ಎಣಿಸಲು ಹೋಗಿ ಹದಿನೇಳಕ್ಕೆ ಕೈಬಿಟ್ಟೆ. ಮಿಕ್ಕಿದ್ದನ್ನು ಬಾವಿ ಹಗ್ಗದ ಹಾಗೆ ಸುರುಳಿ ಸುತ್ತಿ ನೇತುಹಾಕಿದ್ದಾರೆ. ಆ ಸುರುಳಿಗೆ ಒಂದು ಪಿ.ಜಿ. ಜಾಹೀರಾತಿನ ಬೋರ್ಡು.

ಪಕ್ಕದ ಮನೆ ಅಜ್ಜಿ ಗೇಟಿನಿಂದಲೇ ಕೇಳಿದರು: "ಏನಪ್ಪಾ ನೋಡ್ತಿದ್ದೀಯ? ಅಂಡರ್‌ಗ್ರೌಂಡ್ ಮಾಡ್ತೀವಿ ಅಂತ ಮೂರು ತಿಂಗಳು ರಸ್ತೆ ಅಗೆದ್ರಲ್ಲ, ಮತ್ತೆ ಇದೆಲ್ಲ ಏನು?"

ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಬೆಂಗಳೂರಿನ ಅರ್ಧ ಜನ ಅದನ್ನೇ ಕೇಳುತ್ತಿದ್ದಾರೆ. ಸಾವಿರಾರು ಕಿಲೋಮೀಟರ್ ಲೈನನ್ನು ನೆಲದಡಿಗೆ ಇಳಿಸಿದ ಊರಿನಲ್ಲಿ ಆಕಾಶ ಯಾಕೆ ಇನ್ನೂ ತಂತಿಯ ಬಲೆಯಾಗಿಯೇ ಇದೆ? ಇಳಿಸಿದ್ದು ಯಾವ ತಂತಿ, ಉಳಿಸಿದ್ದು ಯಾವುದು, ಇಳಿದ ತಂತಿ ಕೆಟ್ಟರೆ ಏನಾಗುತ್ತದೆ ಎಂದು ಒಂದೊಂದಾಗಿ ನೋಡೋಣ.

ಮೇಲೆ ಬಂದದ್ದು ಹೇಗೆ

ಕರೆಂಟು ನಮ್ಮ ಕಡೆಗೆ ಬಂದದ್ದೇ ಕಂಬದ ಮೇಲೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದರು. ಆ ಕಾಲಕ್ಕೆ ಜಗತ್ತಿನ ಉದ್ದನೆಯ ಲೈನುಗಳಲ್ಲಿ ಅದೂ ಒಂದು. ಕರೆಂಟು ಮೊದಲು ಹೋಗಿದ್ದು ಗಣಿಗೆ. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಮೂರು ವರ್ಷ ಕಳೆದು, 1905ರ ಆಗಸ್ಟ್ 5ರಂದು, ಸಿಟಿ ಮಾರ್ಕೆಟ್ ಕಡೆ. ಅಲ್ಲಿಂದ ಊರು ಬೆಳೆದ ಹಾಗೆ ಕಂಬ ಬೆಳೆಯಿತು. ಹೊಸ ಬಡಾವಣೆ ಅಂದರೆ ಮೊದಲು ಕಲ್ಲು ನೆಡುತ್ತಾರೆ, ಆಮೇಲೆ ಕಂಬ ನೆಡುತ್ತಾರೆ. ಚರಂಡಿ ಎಷ್ಟೋ ವರ್ಷಕ್ಕೆ ಬರುತ್ತದೆ.

ಹೂಳುವ ಉಪಾಯವೇನೂ ಹೊಸದಲ್ಲ. 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ತನ್ನ ಮೊದಲ ವಿದ್ಯುತ್ ಕೇಂದ್ರ ಶುರು ಮಾಡಿದಾಗ ತಂತಿಗಳನ್ನು ರಸ್ತೆಯಡಿಯೇ ಹಾಕಿಸಿದ್ದ. ಅದೇ ಊರಿನಲ್ಲಿ ಬೇರೆ ಕಂಪನಿಗಳು ಕಂಬದ ಮೇಲೆ ಎಳೆದ ತಂತಿಗಳು 1888ರ ಮಾರ್ಚ್‌ನ ಹಿಮಪಾತದಲ್ಲಿ ಕಂಬಗಳ ಸಮೇತ ನೆಲಕ್ಕುರುಳಿದವು. ಅಂದರೆ ನೂರ ನಲವತ್ತು ವರ್ಷದ ಹಿಂದೆಯೇ ಹೂಳುವುದು ಹೇಗೆ ಅಂತ ಗೊತ್ತಿತ್ತು. ದುಡ್ಡು ಯಾರು ಕೊಡಬೇಕು ಅನ್ನುವುದೇ ಆಗಲೂ ಜಗಳ, ಈಗಲೂ ಜಗಳ. ಕಂಬದ ಲೈನ್ ಅಗ್ಗ. ಬೇಗ ಆಗುತ್ತದೆ. ಕೆಟ್ಟರೆ ಕಣ್ಣಿಗೆ ಕಾಣುತ್ತದೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ಜಾತಿ ತಂತಿ

ಬೆಂಗಳೂರಿನ ಒಂದು ಮಾಮೂಲಿ ಕಂಬದ ಮೇಲೆ ಮೂರು ಬಗೆಯ ತಂತಿ ಇರುತ್ತವೆ, ಇಲ್ಲವೇ ಇರುತ್ತಿದ್ದವು.

ಎಲ್ಲಕ್ಕಿಂತ ಮೇಲೆ 11 ಕೆವಿ ಲೈನ್, ಅಂದರೆ 11 ಸಾವಿರ ವೋಲ್ಟ್. ಲೈನ್‌ಮನ್‌ಗಳ ಬಾಯಲ್ಲಿ ಇದು 'ಎಚ್‌ಟಿ', ಅಂದರೆ ಹೈ ಟೆನ್ಶನ್. ಸಬ್‌ಸ್ಟೇಷನ್‌ನಿಂದ ಹೊರಟು ಬೀದಿ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಬರುತ್ತದೆ. ಮೇಲೆ ಯಾವ ಹೊದಿಕೆಯೂ ಇರದ ಬರಿ ಅಲ್ಯೂಮಿನಿಯಂ ತಂತಿ. ಎರಡನೆಯದು 'ಎಲ್‌ಟಿ', ಅಂದರೆ ಲೋ ಟೆನ್ಶನ್, ಕಡಿಮೆ ವೋಲ್ಟಿನದ್ದು. ಟ್ರಾನ್ಸ್‌ಫಾರ್ಮರ್‌ನಿಂದ ಹೊರಟು ಮನೆ ಮನೆಗೆ ಬರುವುದು ಇದೇ. ನಮ್ಮ ಫ್ಯಾನು, ಮಿಕ್ಸಿ ಎಲ್ಲ ಇದರ ಮೇಲೆ. ಮೂರನೆಯದು ಓಎಫ್‌ಸಿ, ಅಂದರೆ ಇಂಟರ್ನೆಟ್ ತರುವ ಆಪ್ಟಿಕಲ್ ಫೈಬರ್ ಕೇಬಲ್, ಮತ್ತು ಟಿವಿ ಕೇಬಲ್. ಅದರಲ್ಲಿ ಕರೆಂಟಿಲ್ಲ, ಕಂಬವೂ ಅವರದ್ದಲ್ಲ. ಇರೋ ಕಂಬಕ್ಕೆ ಜೋತುಬಿದ್ದವರು ಅಷ್ಟೆ.

ಊರಿಗೆ ಕರೆಂಟು ಕೊಡುವ ಕಂಪನಿ ಬೆಸ್ಕಾಂನ ಭೂಗತ ಕೇಬಲ್ ಯೋಜನೆಯ ಟೆಂಡರ್‌ಗಳಲ್ಲಿ ಇದ್ದದ್ದು ಇಷ್ಟು: 11 ಕೆವಿ ಲೈನನ್ನು ಭೂಗತ ಕೇಬಲ್ ಮಾಡುವುದು, ಎಲ್‌ಟಿ ಲೈನಿನ ಬರಿ ತಂತಿ ತೆಗೆದು ಹೊದಿಕೆ ಇರುವ ಹೆಣೆದ ಕೇಬಲ್ ಕಟ್ಟುವುದು, ಜೊತೆಗೆ ಓಎಫ್‌ಸಿಗೆ ಪೈಪ್ ಹಾಕುವುದು. ಆ ಹೆಣೆದ ಕೇಬಲ್ಲಿಗೆ 'ಎಬಿ ಕೇಬಲ್' ಎನ್ನುತ್ತಾರೆ. ಅದು ಕಂಬದ ಮೇಲೆಯೇ ಇರುವಂಥದ್ದು. ಅಜ್ಜಿಗೆ ಕಾಣುವ ಕಪ್ಪು ಹಗ್ಗ ಅದೇ. ಅಲ್ಲಿಗೆ ಯಾರೂ ಸುಳ್ಳು ಹೇಳಲಿಲ್ಲ. ಆದರೆ 'ಅಂಡರ್‌ಗ್ರೌಂಡ್' ಎಂಬ ಒಂದೇ ಮಾತು ಊರೆಲ್ಲ ಓಡಾಡಿತು. ಜನ ಕಂಬವೇ ಮಾಯವಾಗುತ್ತದೆ ಅಂದುಕೊಂಡರು. ಯಾವುದು ಇಳಿಯುತ್ತದೆ, ಯಾವುದು ಉಳಿಯುತ್ತದೆ ಅಂತ ಬೀದಿಗೊಂದು ಚೀಟಿ ಅಂಟಿಸಿದ್ದರೂ ಸಾಕಿತ್ತು.

ಯೋಜನೆಯ ಗಾತ್ರ ಸಣ್ಣದಲ್ಲ. 2020ರ ಡಿಸೆಂಬರ್‌ನಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಇದಕ್ಕೆ 190 ಮಿಲಿಯನ್ ಡಾಲರ್ ಸಾಲ ಒಪ್ಪಿಕೊಂಡಿತು. ಅದರಲ್ಲಿ 100 ಮಿಲಿಯನ್ ಸರ್ಕಾರದ ಖಾತರಿಯ ಮೇಲೆ, ಉಳಿದ 90 ಮಿಲಿಯನ್ ಖಾತರಿ ಇಲ್ಲದೆ ನೇರವಾಗಿ ಬೆಸ್ಕಾಂಗೆ. ಲೆಕ್ಕ ಹೀಗಿತ್ತು: ಕನಿಷ್ಠ 7,200 ಕಿಲೋಮೀಟರ್ ಭೂಗತ ಕೇಬಲ್, ಅದರ ಪಕ್ಕದಲ್ಲಿ 2,800 ಕಿಲೋಮೀಟರ್ ಓಎಫ್‌ಸಿ, ಕಂಟ್ರೋಲ್ ರೂಮಿನಿಂದಲೇ ಆನ್ ಆಫ್ ಮಾಡಬಹುದಾದ 1,700 ರಿಂಗ್ ಮೇನ್ ಯೂನಿಟ್, ಅಂದರೆ ಸ್ವಿಚ್ ಪೆಟ್ಟಿಗೆ. ಸೋರಿಕೆ ಮತ್ತು ಕಳ್ಳತನದಿಂದ ಆಗುವ ನಷ್ಟವನ್ನು ಸುಮಾರು 30% ಇಳಿಸುವುದು ಗುರಿ.

ಎಲ್‌ಟಿ ಲೈನನ್ನೂ ಯಾಕೆ ಹೂಳಲಿಲ್ಲ? ಕಾಶಿಯಲ್ಲಿ ಹೂತರು. ಮೊದಲು ಅಲ್ಲಿನ ಗಲ್ಲಿಯಲ್ಲಿ ತಲೆ ಎತ್ತಿದರೆ ಗೋಪುರಕ್ಕಿಂತ ಮುಂಚೆ ತಂತಿ ಕಾಣುತ್ತಿತ್ತು. ಊರುಗಳ ವಿದ್ಯುತ್ ಜಾಲ ಸುಧಾರಿಸುವ ಕೇಂದ್ರದ ಐಪಿಡಿಎಸ್ ಯೋಜನೆಯಲ್ಲಿ ಪವರ್‌ಗ್ರಿಡ್ ಸಂಸ್ಥೆ ಹಳೆ ಕಾಶಿಯ 16 ಚದರ ಕಿಲೋಮೀಟರ್‌ನಲ್ಲಿ ಮನೆ ಬಾಗಿಲ ತನಕ ತಂತಿ ಇಳಿಸಿತು. 50 ಸಾವಿರಕ್ಕೂ ಹೆಚ್ಚು ಗ್ರಾಹಕರು, 432 ಕೋಟಿ ರೂಪಾಯಿ. ಭಾಗಿಸಿ ನೋಡಿ, ಒಂದು ಸಂಪರ್ಕಕ್ಕೆ ಹತ್ತಿರ ಹತ್ತಿರ 86 ಸಾವಿರ ಬೀಳುತ್ತದೆ. ಬೆಂಗಳೂರು 700 ಚದರ ಕಿಲೋಮೀಟರ್ ದಾಟಿದ ಊರು. 11 ಕೆವಿ ಲೈನ್ ಟ್ರಾನ್ಸ್‌ಫಾರ್ಮರ್‌ಗೆ ಬಂದು ನಿಲ್ಲುತ್ತದೆ. ಎಲ್‌ಟಿ ಹಾಗಲ್ಲ, ಪ್ರತಿ ಗೇಟಿಗೂ ಕವಲೊಡೆಯಬೇಕು, ಪ್ರತಿ ಮನೆ ಮುಂದೆಯೂ ಅಗೆಯಬೇಕು. ನೂರು ರೂಪಾಯಿ ಇದ್ದಾಗ ಅಪಾಯ ಜಾಸ್ತಿ ಇರುವ ತಂತಿಯನ್ನು ಮೊದಲು ಇಳಿಸು ಅನ್ನುವುದು ತಪ್ಪು ತೀರ್ಮಾನವೇನಲ್ಲ. ನನಗಂತೂ ಅದು ಸರಿಯೆಂದೇ ಅನ್ನಿಸುತ್ತದೆ.

ಅಪಾಯ ಅಂದರೆ ಎಂಥದ್ದು

2023ರ ನವೆಂಬರ್ 19ರ ಬೆಳಗಿನ ಜಾವ ವೈಟ್‌ಫೀಲ್ಡ್ ಹತ್ತಿರ ಹೋಪ್ ಫಾರ್ಮ್ ಜಂಕ್ಷನ್‌ನಲ್ಲಿ ನಡೆದದ್ದು ಇನ್ನೂ ಮರೆತಿಲ್ಲ. ತುಂಡಾಗಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ಲೈವ್ ತಂತಿ ಕತ್ತಲಲ್ಲಿ ಕಾಣಲಿಲ್ಲ. ಅದನ್ನು ತುಳಿದ 23 ವರ್ಷದ ತಾಯಿ ಮತ್ತು ಅವರ ಕೈಯಲ್ಲಿದ್ದ ಒಂಬತ್ತು ತಿಂಗಳ ಮಗು ಅಲ್ಲೇ ಸುಟ್ಟುಹೋದರು. ಬಿಡಿಸಲು ಹೋದ ಗಂಡನಿಗೂ ಸುಟ್ಟ ಗಾಯಗಳಾದವು.

ಆಗ ಎಲ್ಲರೂ ಕೇಳಿದ್ದು ಒಂದೇ: ತಂತಿ ತುಂಡಾದ ಕೂಡಲೇ ಕರೆಂಟು ತಾನಾಗಿ ನಿಲ್ಲಬೇಕಲ್ವಾ? ಆ ಪ್ರಕರಣದ ವಿಚಾರ ಬಿಡಿ, ಸಾಮಾನ್ಯವಾಗಿ ಆಗುವುದನ್ನು ಹೇಳುತ್ತೇನೆ. ಸಬ್‌ಸ್ಟೇಷನ್ನಿನಲ್ಲಿ ಲೈನ್ ಕಾಯುವ ಸಾಧನಕ್ಕೆ ರಿಲೇ ಎನ್ನುತ್ತಾರೆ. ಅದು ಕಣ್ಣಿಟ್ಟಿರುವುದು ಹರಿಯುವ ಕರೆಂಟಿನ ಪ್ರಮಾಣದ ಮೇಲೆ. ಎರಡು ತಂತಿ ಒಂದಕ್ಕೊಂದು ತಾಗಿದರೆ ಕರೆಂಟು ಒಮ್ಮೆಲೇ ನುಗ್ಗುತ್ತದೆ, ರಿಲೇ ಟ್ರಿಪ್ ಮಾಡುತ್ತದೆ, ಅಂದರೆ ಲೈನ್ ಆಫ್ ಮಾಡಿಸುತ್ತದೆ. ಆದರೆ ಒಂದು ತಂತಿ ಕಿತ್ತು ಒಣ ಕಾಂಕ್ರೀಟ್ ಮೇಲೆ, ಟಾರಿನ ಮೇಲೆ ಬಿದ್ದರೆ ನೆಲಕ್ಕೆ ಹರಿಯುವ ಕರೆಂಟು ತೀರಾ ಕಮ್ಮಿ. ಒಂದು ಬೀದಿಯ ಗೀಸರ್‌ಗಳು ಎಳೆಯುವಷ್ಟೂ ಇರುವುದಿಲ್ಲ. ರಿಲೇಗೆ ಅದು ಮಾಮೂಲಿ ಲೋಡ್‌ನ ಹಾಗೇ ಕಾಣುತ್ತದೆ. ತಂತಿ ಜೀವಂತವಾಗಿ ಬಿದ್ದೇ ಇರುತ್ತದೆ. ಬರಿ ತಂತಿಯ ದೊಡ್ಡ ದೋಷ ಇದು. ಅದೇ ತಂತಿ ಮೂರು ಅಡಿ ಮಣ್ಣಿನ ಕೆಳಗೆ, ಪ್ಲಾಸ್ಟಿಕ್ಕು, ತಾಮ್ರ, ಕಬ್ಬಿಣದ ಪಟ್ಟಿಗಳ ಒಳಗೆ ಇದ್ದರೆ ಯಾರ ಕಾಲಿಗೂ ಸಿಗುವುದಿಲ್ಲ.

ಇದರ ಮೇಲೆ ನಮ್ಮದೇ ಕಿತಾಪತಿ ಬೇರೆ. ನಿಯಮದ ಪ್ರಕಾರ 11 ಕೆವಿ ಲೈನಿಗೂ ಕಟ್ಟಡಕ್ಕೂ ಪಕ್ಕದಿಂದ ಕನಿಷ್ಠ 1.2 ಮೀಟರ್ ಅಂತರ ಇರಬೇಕು. ಲೈನ್ ಎಳೆದಾಗ ಅಷ್ಟು ಇದ್ದೇ ಇತ್ತು. ಆಮೇಲೆ ಮನೆ ಮೇಲೆ ಮನೆ ಎದ್ದು, ಪ್ರತಿ ಮಹಡಿಯೂ ಅರ್ಧ ಅಡಿ ರಸ್ತೆಗೆ ಚಾಚಿ, ಬಾಲ್ಕನಿಯಿಂದ ಕೈ ನೀಡಿದರೆ ತಂತಿ ಸಿಗುವಂತಾಯಿತು. ಎಷ್ಟೋ ಕಡೆ ಬಟ್ಟೆ ಒಣಗಿಸುವ ಕೋಲು ತಂತಿಗೆ ಗೇಣು ದೂರ. ಬೆಂಗಳೂರಿನ ಮರಗಳದ್ದು ಮತ್ತೊಂದು ಕಥೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಒಂದು ಸಂಜೆಯಲ್ಲಿ ನೂರಾರು ಕೊಂಬೆ ಬೀಳುತ್ತವೆ. ಕೊಂಬೆ ಬಿದ್ದ ಕಡೆಯೆಲ್ಲ ಕತ್ತಲು.

ಹೂಳುವುದು ಹೇಗೆ

ಉದ್ದಕ್ಕೆ ಕಾಲುವೆ ತೋಡಿ ಹಾಕುವುದು ಹಳೆ ಪದ್ಧತಿ. ಸುಮಾರು ಒಂದು ಮೀಟರ್ ಆಳ, ತಳಕ್ಕೆ ಮರಳು, ಅದರ ಮೇಲೆ ಕೇಬಲ್ಲು, ಮತ್ತೆ ಮರಳು, ಮೇಲೆ ಇಟ್ಟಿಗೆ ಇಲ್ಲವೇ ಹೆಂಚು, ಆಮೇಲೆ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ, ಕೊನೆಗೆ ಮಣ್ಣು. ಮುಂದೆ ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಪಟ್ಟಿ ಸಿಗಬೇಕು, ಆಮೇಲೆ ಇಟ್ಟಿಗೆ ಸಿಗಬೇಕು, ಕೇಬಲ್ಲಿಗೆ ಮುಟ್ಟುವಷ್ಟರಲ್ಲಿ ಬುದ್ಧಿ ಬರಬೇಕು. ಒಳ್ಳೆ ಯೋಚನೆ. ಆದರೆ ಊರಿನಲ್ಲಿ ಉದ್ದಕ್ಕೂ ರಸ್ತೆ ಬಗೆಯಲು ಯಾರೂ ಬಿಡುವುದಿಲ್ಲ. ಹಾಗಾಗಿ ಡ್ರಿಲ್ಲಿಂಗ್ ಜಾಸ್ತಿ. ಎರಡು ಕಡೆ ಗುಂಡಿ ತೋಡುತ್ತಾರೆ. ಒಂದು ಗುಂಡಿಯ ಕಡೆಯಿಂದ ಮಷಿನ್ ರಾಡನ್ನು ತಿರುಗಿಸುತ್ತಾ ನೆಲದಡಿ ನೂಕುತ್ತದೆ. ಬೂದು ಬಣ್ಣದ ಜೇಡಿಯ ಗಂಜಿ ಬಿಟ್ಟು ಮಣ್ಣು ಸಡಿಲ ಮಾಡುತ್ತಾರೆ. ರಾಡು ಇನ್ನೊಂದು ಗುಂಡಿಯಲ್ಲಿ ತಲೆ ಹಾಕಿದ ಮೇಲೆ ಅದಕ್ಕೆ ಪೈಪ್ ಕಟ್ಟಿ ವಾಪಸ್ ಎಳೆಯುತ್ತಾರೆ. ಒಬ್ಬ ಹುಡುಗ ಮೇಲೆ ರಸ್ತೆಯಲ್ಲಿ ಒಂದು ಪೆಟ್ಟಿಗೆ ಹಿಡಿದು, ಕೆಳಗೆ ರಾಡಿನ ಮೂತಿ ಎಲ್ಲಿದೆ ಅಂತ ನೋಡುತ್ತಾ ನಡೆಯುತ್ತಾನೆ.

ಮೂತಿ ಎಲ್ಲಿದೆ ಅಂತ ಅವನಿಗೆ ಗೊತ್ತಾಗುತ್ತದೆ. ಅಕ್ಕಪಕ್ಕ ಏನಿದೆ ಅಂತ ಗೊತ್ತಾಗುವುದಿಲ್ಲ. ಬೆಂಗಳೂರಿನ ಫುಟ್‌ಪಾತಿನ ಕೆಳಗೆ ಏನಿಲ್ಲ ಹೇಳಿ? ಕಾವೇರಿ ನೀರಿನ ಪೈಪು, ಒಳಚರಂಡಿ, ಗ್ಯಾಸ್ ಪೈಪು, ಹಳೆ ಟೆಲಿಫೋನ್ ಕೇಬಲ್ಲು, ನಾಲ್ಕೈದು ಕಂಪನಿಗಳ ಓಎಫ್‌ಸಿ, ಮರದ ಬೇರು, ನಡುವೆ ಹೆಬ್ಬಂಡೆ. ರಸ್ತೆ ಹೊಸದಾಗಿ ಕಟ್ಟುವ ಟೆಂಡರ್ ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ವಿಠಲ್ ಮಲ್ಯ ರಸ್ತೆಯಂಥ ಕೆಲವು ಕಡೆ ಫುಟ್‌ಪಾತಿನಡಿ ಎಲ್ಲದಕ್ಕೂ ಬೇರೆ ಬೇರೆ ಜಾಗ, ಮುಚ್ಚಳ ತೆಗೆದು ಇಳಿಯುವ ಛೇಂಬರ್ ಮಾಡಿದ್ದಾರೆ. ಅಲ್ಲಿ ಕೇಬಲ್ ಬದಲಿಸಲು ಅಗೆಯಬೇಕಾಗಿಲ್ಲ. ಆದರೆ ಅಂಥ ರಸ್ತೆ ಊರಲ್ಲಿ ಬೆರಳೆಣಿಕೆಯಷ್ಟು. ನಮ್ಮಂಥ ಅಡ್ಡರಸ್ತೆಯಲ್ಲಿ ಎಲ್ಲವೂ ಕಲಸುಮೇಲೋಗರ.

ಮರದ ವಿಷಯದಲ್ಲಿ ಒಂದು ವಿಪರ್ಯಾಸ ಇದೆ. ಕಾಲುವೆ ತೋಡುವಾಗ ಅಡ್ಡ ಬಂದ ಬೇರನ್ನು ಕೊಡಲಿಯಲ್ಲಿ ಕಡಿಯುತ್ತಾರೆ. ಒಂದು ಕಡೆಯ ಬೇರು ಹೋದ ಮರ ಎರಡು ಮಳೆಗಾಲ ತಡೆಯುತ್ತದೆ. ಮೂರನೆಯದಕ್ಕೆ ಬುಡ ಸಮೇತ ಮಲಗುತ್ತದೆ, ಅದೂ ಕಂಬದ ಮೇಲೆ ಉಳಿದ ಎಲ್‌ಟಿ ಕೇಬಲ್ಲಿನ ಮೇಲೆ.

ಎಳನೀರು ಅಂಗಡಿಯ ಕೆಳಗೆ

ಈಗ ನಮ್ಮ ರಸ್ತೆಯಲ್ಲೇ ಆದದ್ದು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇದರಲ್ಲೇ ಇದೆ.

ಕೇಬಲ್ ಹೂತ ಮೇಲೆ ಒಂದು ವರ್ಷ ಜೂನ್‌ನಲ್ಲಿ ಒಂದು ಇಂಟರ್ನೆಟ್ ಕಂಪನಿಯವರು ರಾತ್ರಿ ಬಂದು ಡ್ರಿಲ್ ಮಾಡಿದರು. ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ಬೆಳಗ್ಗೆ ಎದ್ದಾಗ ಎರಡು ಗುಂಡಿ ಮುಚ್ಚಿ, ಮೇಲೆ ಒಂದಿಷ್ಟು ಜಲ್ಲಿ ಸುರಿದು ಹೋಗಿದ್ದರು. ಕರೆಂಟೇನೂ ಹೋಗಿರಲಿಲ್ಲ. ಯಾರಿಗೂ ಅನುಮಾನ ಬರಲಿಲ್ಲ.

ಮೂರು ವಾರ ಕಳೆದು, ಜುಲೈನ ಒಂದು ಮಳೆ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಕರೆಂಟು ಹೋಯಿತು. ಅರ್ಧ ಗಂಟೆಯಲ್ಲಿ ಸುತ್ತಮುತ್ತ ಎಲ್ಲ ಕಡೆ ಬಂತು. ಇದು ಹೊಸ ವ್ಯವಸ್ಥೆಯ ಲಾಭ. ರಿಂಗ್ ಮೇನ್ ಯೂನಿಟ್ ಅಂದರೆ ಫುಟ್‌ಪಾತಿನ ಮೇಲೆ ಕಾಣುವ ಆ ದೊಡ್ಡ ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಎರಡು ಕಡೆಯಿಂದ ಲೈನ್ ಬರುತ್ತದೆ. ಕೆಟ್ಟ ತುಂಡನ್ನು ಬಿಡಿಸಿ ಇನ್ನೊಂದು ಕಡೆಯಿಂದ ಕರೆಂಟು ಕೊಡಬಹುದು. ಆದರೆ ನಮ್ಮ ರಸ್ತೆಯ ಎರಡು ಟ್ರಾನ್ಸ್‌ಫಾರ್ಮರ್ ರಿಂಗ್‌ನಲ್ಲಿ ಇರಲಿಲ್ಲ. ಪೆಟ್ಟಿಗೆಯಿಂದ ಒಂದೇ ಕವಲಾಗಿ ಬಂದ ಕೇಬಲ್ಲಿನ ತುದಿಯಲ್ಲಿದ್ದವು. ಆ ಕವಲೇ ಕೆಟ್ಟಿತ್ತು.

ಹಳೆ ಕಾಲ ಆಗಿದ್ದರೆ ಲೈನ್‌ಮನ್ ಟಾರ್ಚ್ ಹಿಡಿದು ಕಂಬದಿಂದ ಕಂಬಕ್ಕೆ ನಡೆದು, ಎಲ್ಲಿ ಕೊಂಬೆ ಬಿದ್ದಿದೆ ಅಂತ ನೋಡಿ, ಒಂದು ಗಂಟೆಯಲ್ಲಿ ಸರಿ ಮಾಡಿ ಹೋಗುತ್ತಿದ್ದರು. ಈಗ ನೋಡಲು ಏನೂ ಇಲ್ಲ. ಬೆಳಗ್ಗೆ ಒಂದು ವ್ಯಾನ್ ಬಂತು. ಅದರೊಳಗಿನ ಯಂತ್ರ ಕೇಬಲ್ಲಿನೊಳಗೆ ಒಂದು ಮಿಡಿತ ಕಳಿಸುತ್ತದೆ. ಕೆಟ್ಟ ಜಾಗಕ್ಕೆ ತಾಗಿ ಅದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ದೂರ ಲೆಕ್ಕ ಹಾಕುತ್ತದೆ. ಬಾವಿಯಲ್ಲಿ ಕೂಗಿ ಆಳ ತಿಳಿದ ಹಾಗೆ. ಪೆಟ್ಟಿಗೆಯಿಂದ 312 ಮೀಟರ್ ಅಂತ ತೋರಿಸಿತು.

312 ಮೀಟರ್ ಸರಿ, ಯಾವ ಕಡೆ? ಕೇಬಲ್ ಹಾಕಿದಾಗ ಬರೆದ ನಕ್ಷೆಯಲ್ಲಿ ರಸ್ತೆಯ ಎಡಬದಿಗೆ ಗೆರೆ ನೇರವಾಗಿ ಹೋಗಿತ್ತು. ಟೇಪ್ ಹಿಡಿದು ಅಳೆದರು. ಮುಂದಿನ ಹಂತ ಕಿವಿಯದ್ದು. ವ್ಯಾನಿನಿಂದ ಕೆಲವು ಸೆಕೆಂಡಿಗೊಮ್ಮೆ ಹೈ ವೋಲ್ಟೇಜ್ ಪೆಟ್ಟು ಕೊಡುತ್ತಾರೆ. ಕೇಬಲ್ ಕೆಟ್ಟ ಜಾಗದಲ್ಲಿ ಕಿಡಿ ಹಾರಿ ನೆಲದೊಳಗೆ 'ಧಡ್' ಅನ್ನುತ್ತದೆ. ಒಬ್ಬರು ನೆಲಕ್ಕೆ ಮೈಕ್ ಇಟ್ಟು, ಕಿವಿಗೆ ಹೆಡ್‌ಫೋನ್ ಹಾಕಿ, ಡಾಕ್ಟರು ಎದೆ ನೋಡಿದ ಹಾಗೆ ಅಡಿ ಅಡಿಗೂ ಕೂತು ಕೇಳಬೇಕು. ಎಡಬದಿಯಲ್ಲಿ ಒಂದು ಗಂಟೆ ಕೇಳಿದರು. ಏನೂ ಇಲ್ಲ.

ಹತ್ತೂವರೆಗೆ ಇನ್ನೊಂದು ಕೆಲಸ ಮುಗಿಸಿ ಹಳೆ ಲೈನ್‌ಮನ್ ಒಬ್ಬರು ಬೈಕಿನಲ್ಲಿ ಬಂದರು. ನಕ್ಷೆ ನೋಡಲೇ ಇಲ್ಲ. "ಗಣಪತಿ ಗುಡಿ ಮುಂದೆ ಬಂಡೆ ಸಿಕ್ತು ಸಾರ್ ಆಗ. ಅಲ್ಲಿಂದ ರಸ್ತೆ ದಾಟಿಸಿ ಆ ಕಡೆಗೆ ತಗೊಂಡ್ರು. ನಾನೇ ನಿಂತಿದ್ದೆ" ಅಂದರು.

ಎಲ್ಲರೂ ಬಲಬದಿಗೆ ಹೋದರು. ಅಲ್ಲಿ ಎಳನೀರು ಮಾರುವವನು ತನ್ನ ಕಲ್ಲಿನ ಮೇಲೆ ಕೂರದೆ ನಿಂತಿದ್ದ. ಯಾಕೆ ಅಂದರೆ, "ಬೆಳಗ್ಗಿಂದ ಕುಂತ ಕಲ್ಲಿಗೆ ಯಾರೋ ಕೆಳಗಿಂದ ಗುದ್ದಿದಂಗೆ ಆಗ್ತೈತೆ ಅಣ್ಣ, ಭಯ ಆಗಿ ಎದ್ದೆ" ಅಂದ. ಮೈಕೇ ಬೇಕಾಗಲಿಲ್ಲ.

ಎಳನೀರು ರಾಶಿ ಸರಿಸಿ ಅಗೆದರು. ಕೇಬಲ್ಲಿನ ಹೊರ ಸಿಪ್ಪೆಯಲ್ಲಿ ಒಂದು ಬೆರಳುದ್ದದ ಗಾಯ. ಕಬ್ಬಿಣದ ಪಟ್ಟಿ ಸೀಳಿತ್ತು. ಪಕ್ಕದಲ್ಲಿಯೇ, ಒಂದು ಗೇಣೂ ದೂರವಿಲ್ಲ, ಜೂನ್‌ನಲ್ಲಿ ಹಾಕಿದ ಹೊಸ ಓಎಫ್‌ಸಿ ಪೈಪು. ಡ್ರಿಲ್ ರಾಡು ಅಂದು ಕೇಬಲ್ಲನ್ನು ತರಚಿಕೊಂಡು ಹೋಗಿತ್ತು. ಒಳಗಿನ ಹೊದಿಕೆ ಪೂರ್ತಿ ಹರಿಯಲಿಲ್ಲ, ಅದಕ್ಕೇ ಅಂದು ಕರೆಂಟು ಹೋಗಲಿಲ್ಲ. ಮಳೆ ನೀರು ಮೂರು ವಾರ ಆ ಗಾಯದೊಳಗೆ ಇಳಿಯಿತು. ಗಾಯ ಮಾಡಿದವರು ಅಷ್ಟರಲ್ಲಿ ಯಾವ ಊರಿನಲ್ಲಿದ್ದರೋ.

ಜಾಯಿಂಟ್ ಹಾಕುವ ಕೆಲಸ ನೋಡಬೇಕು ನೀವು. ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಹೊಸ ತುಂಡು ಸೇರಿಸಬೇಕು, ಅಂದರೆ ಎರಡು ಜಾಯಿಂಟು. ಜಾಯಿಂಟರ್ ಗುಂಡಿಯೊಳಗೆ ಇಳಿದು ಕೂತರು. ಮೇಲೆ ಟಾರ್ಪಾಲ್. ಒಂದೊಂದೇ ಪದರ ಸುಲಿಯುತ್ತಾ ಹೋದರು: ಪಿವಿಸಿ, ಕಬ್ಬಿಣದ ಪಟ್ಟಿ, ತಾಮ್ರದ ಟೇಪು, ಕಪ್ಪು ಪೊರೆ, ಆಮೇಲೆ ಹಾಲಿನ ಬಣ್ಣದ ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್ ಹೊದಿಕೆ. ಆ ಕಪ್ಪು ಪೊರೆ ತೆಗೆಯುವಾಗ ಚಾಕು ಕೂದಲೆಳೆಯಷ್ಟು ಆಳ ಇಳಿದರೂ ಕೆಲಸ ಕೆಟ್ಟಿತಂತೆ. ಆ ಗೀರಿನಲ್ಲಿ ಗಾಳಿ ಉಳಿದು, ಒಳಗೊಳಗೇ ಸುಡುತ್ತಾ, ವರ್ಷ ಎರಡು ವರ್ಷಕ್ಕೆ ಅಲ್ಲೇ ಹೊಡೆಯುತ್ತದೆ. ಬೆವರಿನ ಹನಿ ಬಿದ್ದರೂ ಒರೆಸಿ ಮತ್ತೆ ಮೊದಲಿಂದ. ಆಮೇಲೆ ತೋಳು ತೂರಿಸಿದ ಹಾಗೆ ಕೊಳವೆಗಳನ್ನು ತೂರಿಸಿ, ಗ್ಯಾಸ್ ಉರಿಯಿಂದ ಸುತ್ತಲೂ ಕಾಯಿಸಿ ಬಿಗಿ ಮಾಡಿದರು. ನಾನು ಕಾಫಿ ತಂದುಕೊಟ್ಟೆ. ಕೈ ಗಲೀಜಾಗುತ್ತದೆ ಅಂತ ಮುಟ್ಟಲಿಲ್ಲ.

ಕರೆಂಟು ಬಂದಾಗ ಸಂಜೆ ಏಳು ಗಂಟೆ. ಲೆಕ್ಕ ಹಾಕಿದರೆ ಇಪ್ಪತ್ತೊಂದು ತಾಸಿಗಿಂತ ಜಾಸ್ತಿ. ಅಷ್ಟರಲ್ಲಿ ಅಜ್ಜಿಯ ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ಹುಳಿ ಬಂದು ಪಾತ್ರೆಯಿಂದ ಆಚೆಗೆ ಬಂದಿತ್ತು.

ಉಳಿದ ಲೆಕ್ಕ

ಇದನ್ನು ಕೇಳಿ "ಹಾಗಾದ್ರೆ ಕಂಬವೇ ಚೆನ್ನಾಗಿತ್ತು" ಅನ್ನಬೇಡಿ. ಹಳೆ ಲೈನಿದ್ದಾಗ ಮೇ ತಿಂಗಳಲ್ಲಿ ವಾರಕ್ಕೆರಡು ಸಲ ಕರೆಂಟು ಹೋಗುತ್ತಿತ್ತು. ಈಗ ವರ್ಷಕ್ಕೆ ಒಂದೋ ಎರಡೋ ಸಲ. ಹೋದಾಗ ಮಾತ್ರ ಬೇಗ ಬರುವುದಿಲ್ಲ. ಮಕ್ಕಳು ಗಾಳಿಪಟ ಹಾರಿಸಿದರೆ ಎದೆ ಧಸಕ್ ಅನ್ನುವುದಿಲ್ಲ. ಎಬಿ ಕೇಬಲ್ಲಿಗೆ ಹೊದಿಕೆ ಇರುವುದರಿಂದ ಕೊಕ್ಕೆ ಹಾಕಿ ಕರೆಂಟು ಕದಿಯುವುದೂ ಸುಲಭವಲ್ಲ.

ಕೆಟ್ಟದ್ದು ಏನೆಂದರೆ ನೆನಪು. ಕಂಬದ ಲೈನಿಗೆ ನಕ್ಷೆ ಬೇಕಿರಲಿಲ್ಲ, ಅದೇ ಅದರ ನಕ್ಷೆ. ಹೂತ ಲೈನಿಗೆ ಕಾಗದವೇ ಕಣ್ಣು. ಬಂಡೆ ಸಿಕ್ಕಿ ರಸ್ತೆ ದಾಟಿಸಿದ ದಿನ ಆ ಗೆರೆಯನ್ನು ತಿದ್ದಲು ಐದು ನಿಮಿಷ ಸಾಕಾಗುತ್ತಿತ್ತು. ತಿದ್ದಲಿಲ್ಲ. ಆ ಲೈನ್‌ಮನ್ ರಿಟೈರ್ ಆದ ಮೇಲೆ? ಅಗೆಯುವವರಿಗೂ ಆಸ್ತಿ ಇರುವವರಿಗೂ ಮಾತುಕತೆ ಆಗಲಿ ಅಂತ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ತಂದಿದೆ. ಅಗೆಯುವ ಮುಂಚೆ ಅದರಲ್ಲಿ ತಿಳಿಸಿದರೆ ಆ ಜಾಗದಲ್ಲಿ ಪೈಪು, ಕೇಬಲ್ ಇರುವವರಿಗೆ ಸುದ್ದಿ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಬಂದು ಬೆಳಗಾಗುವಷ್ಟರಲ್ಲಿ ಜಲ್ಲಿ ಸುರಿದು ಹೋಗುವವರು ಯಾವ ಆ್ಯಪ್ ತೆರೆಯುತ್ತಾರೆ? 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದಿವೆ. ಕೇಬಲ್ಲು ಒಂದು ಪಾಲಿಕೆಯಿಂದ ಇನ್ನೊಂದಕ್ಕೆ ದಾಟುವ ಕಡೆ ಅಗೆತದ ಪರ್ಮಿಷನ್ ಯಾರ ಹತ್ತಿರ ಅನ್ನುವುದನ್ನು ನೆನೆದರೇ ತಲೆ ಬಿಸಿಯಾಗುತ್ತದೆ.

ಆ ಕಬ್ಬಿಣದ ಪೆಟ್ಟಿಗೆಗಳ ಬಗ್ಗೆಯೂ ಒಂದು ಮಾತು. ಇಕ್ಕಟ್ಟಾದ ಫುಟ್‌ಪಾತಿನ ಮೇಲೆ ಕೂರಿಸಿದ ಕಡೆ ನಡೆಯುವವರು ರಸ್ತೆಗೇ ಇಳಿಯಬೇಕು. ನಮ್ಮ ಬೀದಿಯದ್ದರ ಮೇಲೆ ಈಗ ಹೂವಿನವಳ ಬುಟ್ಟಿ ಇದೆ, ಪಕ್ಕದಲ್ಲಿ ಕಸಕ್ಕೆ ಬೆಂಕಿ ಹಾಕುತ್ತಾರೆ. 11 ಸಾವಿರ ವೋಲ್ಟಿನ ಸ್ವಿಚ್ ಒಳಗಿರುವ ಪೆಟ್ಟಿಗೆಯ ಪಕ್ಕ ಬೆಂಕಿ!

ಇನ್ನು ಮೂರನೇ ಜಾತಿಯ ತಂತಿ. 2024ರಲ್ಲಿ ಬೆಸ್ಕಾಂ ತನ್ನ ಕಂಬಗಳ ಮೇಲಿನ ಅನಧಿಕೃತ ಓಎಫ್‌ಸಿ, ಟಿವಿ ಕೇಬಲ್ ತೆಗೆಯಲು ಜುಲೈ 8ರ ಗಡುವು ಕೊಟ್ಟಿತ್ತು. ಕೆಲವು ಕಡೆ ಕತ್ತರಿಸಿದರು. ಕತ್ತರಿಸಿದ ದಿನ ವರ್ಕ್ ಫ್ರಮ್ ಹೋಮ್ ಮಾಡುವವರೆಲ್ಲ ಬಾಲ್ಕನಿಗೆ ಬಂದು ಬೈದರು. ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಕಂಬಕ್ಕೆ ಹೊಸ ಸುರುಳಿ ಬಂತು. ಅದೇ ರಸ್ತೆಯಡಿ ಓಎಫ್‌ಸಿಗೆ ಅಂತಲೇ ಹಾಕಿದ ಪೈಪು ಇರಬಹುದು. ಆದರೆ ಪೈಪಿಗೆ ಬಾಡಿಗೆ ಕೊಡಬೇಕು, ಅರ್ಜಿ ಹಾಕಬೇಕು. ಕಂಬಕ್ಕೆ ಒಂದು ಏಣಿ ಸಾಕು.

ಇದನ್ನೆಲ್ಲ ಅಜ್ಜಿಗೆ ಒಂದು ಸಂಜೆ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಕಂಬ ಹೋಗಲ್ಲ" ಅಂದರು. ಹೋಗಲ್ಲ ಅಜ್ಜಿ, ಎಲ್‌ಟಿ ಕೇಬಲ್ಲು, ಬೀದಿ ದೀಪ ಎರಡೂ ಅದರ ಮೇಲೇ ಇವೆ ಅಂದೆ.

ಆ ಜುಲೈ ಸಂಜೆ ಗುಂಡಿ ಮುಚ್ಚುವ ಮುಂಚೆ ಹಳೆ ಲೈನ್‌ಮನ್ ಒಂದು ಕೆಲಸ ಮಾಡಿದ್ದರು. ಕೆಂಪು ಬಣ್ಣದ ಡಬ್ಬಿ ತರಿಸಿ, ಎಳನೀರು ಅಂಗಡಿಯ ಹಿಂದಿನ ಕಾಂಪೌಂಡ್ ಗೋಡೆಯ ಮೇಲೆ ಒಂದು ಬಾಣ ಬರೆದು, ಕೆಳಗೆ 'ಜಾಯಿಂಟ್ 2, ಗೋಡೆಯಿಂದ 1.4 ಮೀ' ಅಂತ ಬರೆದರು. ಕುಂಚ ಇರಲಿಲ್ಲ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಬರೆದರು. ಅಕ್ಷರ ಸೊಟ್ಟಪಟ್ಟ, ಆದರೆ ರಸ್ತೆಯ ಆ ತುದಿಯಿಂದಲೂ ಕಾಣುತ್ತಿತ್ತು.

ದೀಪಾವಳಿಗೆ ಆ ಮನೆಯವರು ಕಾಂಪೌಂಡಿಗೆ ಹೊಸದಾಗಿ ಪೇಂಟ್ ಹೊಡೆಸಿದರು. ತಿಳಿ ಹಳದಿ.